ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಬಂದ 42 ಸಾವಿರ

ರಾತ್ರಿ ಹನ್ನೊಂದೂವರೆ. ಹೆರಿಗೆ ವಾರ್ಡಿನಿಂದ ಅರ್ಜೆಂಟ್ ಸ್ಯಾಂಪಲ್ ಬಂತು. ಚನ್ನಗಿರಿ ಕಡೆಯ ಹಳ್ಳಿಯ ಹೆಣ್ಣುಮಗಳು, ಚೊಚ್ಚಲ ಬಸುರಿ, 36 ವಾರ. ಬಿಪಿ 170/110, ತಲೆ ಸಿಡಿಯುತ್ತಿದೆ, ಕಣ್ಣು ಮಂಜು. ಟ್ಯೂಬನ್ನು ಮಷೀನಿಗೆ ಕೊಟ್ಟೆ. ಒಂದು ನಿಮಿಷಕ್ಕೆ ರಿಸಲ್ಟ್ ಬಂತು. ಹಿಮೋಗ್ಲೋಬಿನ್ 10.8, ಬಿಳಿ ಕಣ 12,400, ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣ ಪ್ಲೇಟ್‌ಲೆಟ್ 42,000.

ನಾನು ದಾವಣಗೆರೆಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಹನ್ನೆರಡು ವರ್ಷದಿಂದ ಟೆಕ್ನೀಷಿಯನ್. ಈ ಊರಿಗೆ ಜಗಳೂರು, ಹೊನ್ನಾಳಿ, ಹರಪನಹಳ್ಳಿ, ಚಳ್ಳಕೆರೆ, ರಾಣೆಬೆನ್ನೂರು ಎಲ್ಲಾ ಕಡೆಯಿಂದ ಕಷ್ಟದ ಹೆರಿಗೆಗಳು ಬರುತ್ತವೆ. ಬಿಪಿ ಏರಿದ ಬಸುರಿಯರಲ್ಲಿ ಪ್ಲೇಟ್‌ಲೆಟ್ ನಿಜವಾಗಿಯೂ ಇಳಿಯುತ್ತದೆ. ಕೆಲವರಲ್ಲಿ ಕೆಂಪು ಕಣ ಒಡೆದು, ಲಿವರ್ ಕೆಟ್ಟು, ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗೆ ಹೋಗುತ್ತದೆ, ಅದಕ್ಕೆ ಹೆಲ್ಪ್ ಸಿಂಡ್ರೋಮ್ ಅಂತಾರೆ, ತಾಯಿಯ ಜೀವಕ್ಕೇ ಕುತ್ತು. ಹಾಗಾಗಿ 42 ಸಾವಿರ ನೋಡಿದ ತಕ್ಷಣ ನನಗೆ ಯಾವ ಅನುಮಾನವೂ ಬರಲಿಲ್ಲ. ಕಾಯಿಲೆಗೂ ನಂಬರಿಗೂ ತಾಳೆ ಆಗ್ತಿತ್ತಲ್ವಾ. ಫೋನ್ ಎತ್ತಿ ವಾರ್ಡಿಗೆ ಹೇಳಿಬಿಟ್ಟೆ. ಸ್ಲೈಡ್ ಮಾಡಿ ನೋಡುವ ಮೊದಲೇ ಹೇಳಿದೆ. ತಪ್ಪು ಆಗಿದ್ದು ಅಲ್ಲೇ.

ಆ ಫೋನಿನ ನಂತರ ಏನೇನಾಯ್ತು ಅಂತ ಮಾರನೇ ದಿನ ಗೊತ್ತಾಯಿತು. ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಡಬೇಕು ಅಂತಿದ್ದ ಅರಿವಳಿಕೆ ಡಾಕ್ಟ್ರು ಕೈ ಹಿಂದೆ ತೆಗೆದರು. ಪ್ಲೇಟ್‌ಲೆಟ್ ಸಾಮಾನ್ಯವಾಗಿ 70-80 ಸಾವಿರಕ್ಕಿಂತ ಕಡಿಮೆ ಇದ್ದರೆ ಬೆನ್ನುಹುರಿ ಹತ್ತಿರ ಸೂಜಿ ಹಾಕಲು ಹೆದರುತ್ತಾರೆ, ಅಲ್ಲಿ ರಕ್ತ ಹೆಪ್ಪುಗಟ್ಟಿ ಕೂತರೆ ಕಾಲು ಸ್ವಾಧೀನ ತಪ್ಪಬಹುದು. ಪೂರ್ತಿ ಮತ್ತು ಕೊಡೋಣ ಅಂದರೆ ಬಿಪಿ ಇಷ್ಟು ಏರಿದವರಿಗೆ ಗಂಟಲಿಗೆ ನಳಿಕೆ ಹಾಕುವಾಗ ಬಿಪಿ ಇನ್ನೂ ಜಿಗಿಯುತ್ತದೆ, ಬಸುರಿಯರಲ್ಲಿ ಶ್ವಾಸನಾಳದ ದಾರಿ ಬೇರೆ ಊದಿಕೊಂಡಿರುತ್ತದೆ. ಎರಡೂ ಕಡೆ ಅಪಾಯ. ಅತ್ತ ಬ್ಲಡ್ ಬ್ಯಾಂಕಿಗೆ ನಾಲ್ಕು ಬಾಟಲಿ ಪ್ಲೇಟ್‌ಲೆಟ್‌ಗೆ ಚೀಟಿ ಹೋಯಿತು. ಒಂದು ಬಾಟಲಿಗೆ ಏರುವುದೇ ಸುಮಾರು 5ರಿಂದ 10 ಸಾವಿರ. ಗಂಡ ಊರಿಗೆ ಫೋನ್ ಮಾಡಿ ರಕ್ತ ಕೊಡೋರನ್ನು ಕರೆಸಲು ಓಡಾಡಿದ್ದಾನೆ, ಅವನ ತಮ್ಮ ರಾತ್ರಿಯಲ್ಲೇ ಇಬ್ಬರನ್ನು ಕೂರಿಸಿಕೊಂಡು ಬೈಕಿನಲ್ಲಿ ಹೊರಟಿದ್ದಾನೆ.

ಇಷ್ಟೆಲ್ಲಾ ನಡೆಯುತ್ತಿರುವಾಗ ನಾನು ಲ್ಯಾಬಿನಲ್ಲಿ ಎರಡನೇ ಸಲ ಪರದೆ ನೋಡಿದೆ. ಪ್ಲೇಟ್‌ಲೆಟ್‌ನ ಗ್ರಾಫ್ ಇರುತ್ತದೆ, ಗುಡ್ಡದ ಹಾಗೆ ಏರಿ ಬಲಗಡೆ ಇಳಿದು ನೆಲ ಮುಟ್ಟಬೇಕು. ಇದು ನೆಲ ಮುಟ್ಟಿರಲಿಲ್ಲ. ಬಲತುದಿಯಲ್ಲಿ ಗರಗಸದ ಹಲ್ಲಿನ ಹಾಗೆ ಏರಿಳಿತ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಪ್ಲೇಟ್‌ಲೆಟ್ ಕ್ಲಂಪ್, ಅಂದರೆ ಗುಂಪಾಗಿ ಅಂಟಿಕೊಂಡದ್ದು, ಇರಬಹುದು ಅಂತ ಮಷೀನೇ ಹೇಳಿತ್ತು. ಎದೆ ಧಸಕ್ ಅಂತು.

ಸ್ಲೈಡ್ ಎಳೆದೆ, ಲೀಶ್‌ಮನ್ ಬಣ್ಣ ಹಾಕಿದೆ, ಕಾಯಲು ಆಗದೆ ಫ್ಯಾನಿನ ಕೆಳಗೆ ಹಿಡಿದು ಒಣಗಿಸಿದೆ. ಆಯಿಲ್ ಹಾಕಿ ನೂರರ ಲೆನ್ಸಿನಲ್ಲಿ ನಡುಭಾಗ ನೋಡಿದರೆ ಪ್ಲೇಟ್‌ಲೆಟ್ ಅಲ್ಲೊಂದು ಇಲ್ಲೊಂದು. ನಿಜವಾಗಲೂ ಕಡಿಮೆ ಅನ್ನಿಸುವ ಹಾಗೆ. ಆಮೇಲೆ ಸ್ಲೈಡನ್ನು ಬಾಲದ ಕಡೆ ಸರಿಸಿದೆ. ರಕ್ತ ಎಳೆದಾಗ ದೊಡ್ಡ ಗಾತ್ರದವೆಲ್ಲಾ ಸ್ಲೈಡಿನ ಅಂಚಿಗೆ ಹೋಗಿ ಸೇರುತ್ತವೆ. ಅಲ್ಲಿ ಇದ್ದವು. ನೇರಳೆ ಬಣ್ಣದ ಗುಂಪುಗಳು, ಒಂದೊಂದರಲ್ಲಿ ಇಪ್ಪತ್ತು, ಮೂವತ್ತು, ಐವತ್ತು ಪ್ಲೇಟ್‌ಲೆಟ್ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ನಮ್ಮೂರ ಮಂಡಕ್ಕಿ ಉಂಡೆ ನೆನಪಿಸಿಕೊಳ್ಳಿ. ಬಿಡಿ ಮಂಡಕ್ಕಿಯನ್ನು ಎಣಿಸುವ ಮಷೀನಿಗೆ ಬೆಲ್ಲದ ಪಾಕ ಹಾಕಿ ಕಟ್ಟಿದ ಉಂಡೆ ಕೊಟ್ಟರೆ ಅದು ಏನು ಎಣಿಸುತ್ತೆ? ನಮ್ಮ ಮಷೀನು ಗಾತ್ರ ನೋಡಿ ಎಣಿಸುತ್ತದೆ. ಉಂಡೆ ದೊಡ್ಡದಿದ್ದರೆ ಅದನ್ನು ಪ್ಲೇಟ್‌ಲೆಟ್ ಅಂತ ಎಣಿಸಲ್ಲ, ಕೆಲವು ಸಲ ಬಿಳಿ ಕಣದ ಲೆಕ್ಕಕ್ಕೆ ಸೇರಿಸಿಬಿಡುತ್ತದೆ.

ಕೂಡಲೇ ಫೋನ್ ಮಾಡಿದೆ. "ಸಿಸ್ಟರ್, ಆ ಪ್ಲೇಟ್‌ಲೆಟ್ ನಂಬಬೇಡಿ. ನೀಲಿ ಮುಚ್ಚಳದ ಟ್ಯೂಬಿಗೆ ಇನ್ನೊಂದು ಸ್ಯಾಂಪಲ್ ತೆಗೀರಿ, ಗೆರೆ ತನಕ ಸರಿಯಾಗಿ ತುಂಬಿಸಿ, ನಾನೇ ಬಂದು ತಗೊಂಡು ಹೋಗ್ತೀನಿ." ಓಡಿ ಹೋಗಿ ತಂದೆ. ಮಷೀನಿಗೆ ಹಾಕಿದರೆ 1,48,000. ನೀಲಿ ಟ್ಯೂಬಿನಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ದ್ರವ ಇರುತ್ತದೆ, ರಕ್ತ ಅಷ್ಟು ತೆಳುವಾಗಿರುತ್ತದೆ, ಅದಕ್ಕೆ ಬಂದ ನಂಬರನ್ನು 1.1ರಿಂದ ಗುಣಿಸಬೇಕು. 1,62,800. ಸ್ಲೈಡಿನಲ್ಲಿ ಗುಂಪಿಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸಿಸೇರಿಯನ್ ಮಾಡಿದರು. ಹೆಣ್ಣು ಮಗು, 2.3 ಕೆಜಿ. ಬ್ಲಡ್ ಬ್ಯಾಂಕಿನ ಚೀಟಿ ವಾಪಸ್ ಬಂತು.

ನೇರಳೆ ಟ್ಯೂಬಿನಲ್ಲಿ ಹೀಗ್ಯಾಕೆ ಆಗುತ್ತೆ ಅಂತ ಹೇಳಬೇಕು, ಯಾಕೆಂದರೆ ಮುಂದಿನ ಮ್ಯಾಗ್ನೀಸಿಯಂ ಕಥೆ ಇದರ ಮೇಲೇ ನಿಂತಿದೆ. ಆ ಟ್ಯೂಬಿನಲ್ಲಿ ಇಡಿಟಿಎ ಅನ್ನುವ ರಾಸಾಯನಿಕ ಇರುತ್ತದೆ. ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕೇ ಬೇಕು, ಹೆಪ್ಪುಗಟ್ಟಿಸುವ ಅಂಶಗಳ ಪಟ್ಟಿಯಲ್ಲಿ ಅದಕ್ಕೆ ನಾಲ್ಕನೇ ನಂಬರ್ ಕೊಟ್ಟಿದ್ದಾರೆ. ಇಡಿಟಿಎ ಆ ಕ್ಯಾಲ್ಸಿಯಂ ಅನ್ನು ಏಡಿ ಹಿಡಿದ ಹಾಗೆ ಹಿಡಿದುಬಿಡುತ್ತದೆ. ರಕ್ತ ನೀರಾಗೇ ಉಳಿಯುತ್ತದೆ. ಎಲ್ಲಾ ಸರಿ. ಆದರೆ ಪ್ಲೇಟ್‌ಲೆಟ್‌ನ ಮೈಮೇಲೆ ಜಿಪಿ 2ಬಿ/3ಎ ಅನ್ನುವ ಕೊಂಡಿಗಳಿವೆ. ಆ ಕೊಂಡಿಯ ಎರಡು ತುಂಡನ್ನು ಸರಿಯಾಗಿ ಕೂರಿಸಿ ಹಿಡಿದಿರುವುದೂ ಕ್ಯಾಲ್ಸಿಯಮ್ಮೇ. ಅದು ಹೋದಾಗ ಕೊಂಡಿಯ ಒಳಗೆ ಮುಚ್ಚಿದ್ದ ಭಾಗ ತೆರೆದುಕೊಳ್ಳುತ್ತದೆ. ಕೆಲವರ ರಕ್ತದಲ್ಲಿ ಆ ತೆರೆದ ಭಾಗಕ್ಕೆ ಹೋಗಿ ಅಂಟುವ ಪ್ರತಿಕಾಯ ಇರುತ್ತದೆ. ಅಷ್ಟೇ, ಒಂದು ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಅಂಟಿ ಗುಂಪಾಗುತ್ತವೆ. ಸುಮಾರು ಸಾವಿರದಲ್ಲಿ ಒಬ್ಬರಿಗೆ ಹೀಗಿರುತ್ತದೆ. ದೇಹದ ಒಳಗೆ ಕ್ಯಾಲ್ಸಿಯಂ ಇದ್ದೇ ಇರುವುದರಿಂದ ಅವರಿಗೆ ಏನೂ ತೊಂದರೆ ಇಲ್ಲ, ಬರೀ ಟ್ಯೂಬಿನಲ್ಲಿ ಆಗುವ ಆಟ. ಹೊತ್ತು ಹೋದಷ್ಟೂ, ರಕ್ತ ತಣ್ಣಗಾದಷ್ಟೂ ಜಾಸ್ತಿ ಆಗುತ್ತದೆ. ಈ ಸ್ಯಾಂಪಲ್ ವಾರ್ಡಿನ ಎಸಿ ಕೋಣೆಯಲ್ಲಿ ಮುಕ್ಕಾಲು ಗಂಟೆ ಕೂತಿತ್ತು.

ಇನ್ನು ಮ್ಯಾಗ್ನೀಸಿಯಂ. ನೀಲಿ ಟ್ಯೂಬ್ ತರಲು ವಾರ್ಡಿಗೆ ಓಡಿದ್ದೆನಲ್ಲ, ಅಲ್ಲಿ ಬಾಗಿಲ ಹತ್ತಿರ ಅವಳ ಗಂಡ ನಿಂತಿದ್ದ. ಕೈಯಲ್ಲಿ ಖಾಲಿ ಆಂಪೂಲ್ ಒಂದು, ಟ್ರೇಯಿಂದ ಬಿದ್ದದ್ದು ಇರಬೇಕು. ಲೇಬಲ್ ಓದಿಕೊಂಡು ನನ್ನನ್ನೇ ಕೇಳಿದ, "ಮೇಡಂ, ಮ್ಯಾಗ್ನೀಸಿಯಂ ಸಲ್ಫೇಟ್ ಅಂತ ಐತಲ್ರೀ, ಇದು ನಾವು ಅಡಿಕೆಗೆ ಹಾಕೋದಲ್ವೇನ್ರೀ?" ಅವರ ಕಡೆ ತೋಟದಲ್ಲಿ ಗರಿ ಹಳದಿಯಾದರೆ ಗೊಬ್ಬರದ ಅಂಗಡಿಯಿಂದ ಅದೇ ಹೆಸರಿನ ಚೀಲ ತಂದು ಹಾಕುತ್ತಾರೆ. ಹೆಂಡತಿಗೆ ಗೊಬ್ಬರ ಚುಚ್ಚುತ್ತಿದ್ದಾರಾ ಅಂತ ಅವನಿಗೆ ಗಾಬರಿ. ಹೌದಪ್ಪ, ಉಪ್ಪು ಅದೇ ಜಾತಿಯದು, ಆದರೆ ಇದು ಇಂಜೆಕ್ಷನ್ನಿಗೆ ಅಂತಲೇ ಶುದ್ಧ ಮಾಡಿದ್ದು, ಫಿಟ್ಸ್ ಬರದ ಹಾಗೆ ತಡೆಯೋಕೆ ಕೊಡ್ತಾರೆ ಅಂತ ಹೇಳಿ ಓಡಿದೆ.

ನಿಜ ಹೇಳಬೇಕೆಂದರೆ ಇಷ್ಟು ವರ್ಷ ಆ ಔಷಧಿ ಬಗ್ಗೆ ನನಗೆ ಗೊತ್ತಿದ್ದದ್ದೂ ಅಷ್ಟೇ. ಬಿಪಿ ಏರಿದ ಬಸುರಿಗೆ ಫಿಟ್ಸ್ ಬರದಿರಲಿ ಅಂತ ಕೊಡುತ್ತಾರೆ. 2002ರಲ್ಲಿ ಬಂದ ಮ್ಯಾಗ್‌ಪೈ ಅಧ್ಯಯನದಲ್ಲಿ 33 ದೇಶಗಳ ಸುಮಾರು ಹತ್ತು ಸಾವಿರ ಹೆಂಗಸರ ಮೇಲೆ ನೋಡಿದರು, ಫಿಟ್ಸ್ ಬರುವ ಸಂಭವ ಅರ್ಧಕ್ಕಿಂತ ಕಡಿಮೆಯಾಯಿತು. ನಮ್ಮ ಕಡೆ ಪ್ರಿಚರ್ಡ್ ಕ್ರಮ ಜಾಸ್ತಿ ನಡೆಯುತ್ತದೆ. ಮೊದಲು 4 ಗ್ರಾಂ ನರಕ್ಕೆ ನಿಧಾನವಾಗಿ, ಜೊತೆಗೆ ಎರಡೂ ಪಿರ್ರೆಗೆ 5 ಗ್ರಾಂ 5 ಗ್ರಾಂ, ಆಮೇಲೆ ನಾಲ್ಕು ಗಂಟೆಗೊಮ್ಮೆ 5 ಗ್ರಾಂ, ಹೆರಿಗೆ ಆಗಿ ಅಥವಾ ಕೊನೇ ಫಿಟ್ಸ್ ಆಗಿ 24 ಗಂಟೆವರೆಗೆ. ಎರಡು ಮಿ.ಲೀ.ನ ಒಂದು ಆಂಪೂಲಿನಲ್ಲಿ 1 ಗ್ರಾಂ. ಲೆಕ್ಕ ಹಾಕಿ, ಮೊದಲ ಸುತ್ತಿಗೇ ಹದಿನಾಲ್ಕು ಆಂಪೂಲ್ ಒಡೆಯುತ್ತಾರೆ. ಪ್ರತಿ ಸಲ ಕೊಡುವ ಮೊದಲು ಸಿಸ್ಟರು ಸಣ್ಣ ಸುತ್ತಿಗೆಯಿಂದ ಮಂಡಿ ತಟ್ಟಿ ಕಾಲು ಚಿಮ್ಮುತ್ತಾ ನೋಡುತ್ತಾರೆ, ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆ ಇದೆಯಾ ನೋಡುತ್ತಾರೆ, ಮೂತ್ರ ಗಂಟೆಗೆ 30 ಮಿ.ಲೀ. ಬರ್ತಿದೆಯಾ ಅಳೆಯುತ್ತಾರೆ. ರಕ್ತದಲ್ಲಿ ಮ್ಯಾಗ್ನೀಸಿಯಂ ಮಾಮೂಲಿ ಇರುವುದು ಡೆಸಿಲೀಟರಿಗೆ ಸುಮಾರು 2 ಮಿಲಿಗ್ರಾಂ. ಈ ಚಿಕಿತ್ಸೆಯಲ್ಲಿ ಅದನ್ನು 4.8ರಿಂದ 8.4ರವರೆಗೆ ಏರಿಸುತ್ತಾರೆ. 9 ದಾಟಿದರೆ ಮಂಡಿ ಚಿಮ್ಮುವುದು ನಿಲ್ಲುತ್ತದೆ, 12 ದಾಟಿದರೆ ಉಸಿರಾಟಕ್ಕೇ ಕುತ್ತು. ಮಂಡಿ ಮೊದಲು ಹೇಳುತ್ತದೆ ಅನ್ನೋದೇ ಪುಣ್ಯ. ಮೀರಿದರೆ ಮದ್ದು ಏನು ಗೊತ್ತಾ? ಕ್ಯಾಲ್ಸಿಯಂ. 1 ಗ್ರಾಂ ಕ್ಯಾಲ್ಸಿಯಂ ಗ್ಲುಕೋನೇಟ್ ಯಾವಾಗಲೂ ಪಕ್ಕದಲ್ಲೇ ಇಟ್ಟಿರುತ್ತಾರೆ.

ಕ್ಯಾಲ್ಸಿಯಂ ಮದ್ದು ಅನ್ನೋದು ಕೇಳಿದಾಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮಾರನೇ ದಿನ ಬೆಳಗ್ಗೆ ವಾರ್ಡಿನಿಂದ ಮತ್ತೆ ಫೋನ್. ಆಪರೇಶನ್ ಆದ ಗಾಯದ ಅಂಚಿನಿಂದ ರಕ್ತ ಸ್ವಲ್ಪ ಜಿನುಗುತ್ತಿದೆ, ಬ್ಯಾಂಡೇಜ್ ಎರಡು ಸಲ ನೆನೆದಿದೆ. ಡ್ಯೂಟಿಯಲ್ಲಿದ್ದ ಕಿರಿಯ ಡಾಕ್ಟ್ರು ಕೇಳಿದರು, "ಮೇಡಂ, ರಾತ್ರಿ ನೀವು ಕೊಟ್ಟ ಒಂದು ಲಕ್ಷದ ಅರವತ್ತು ಸಾವಿರ ನಿಜಾನಾ? ಮೊದಲಿನ 42 ಸಾವಿರವೇ ಸರಿ ಇರಬಹುದಾ?" ಕೇಳಿದ್ದರಲ್ಲಿ ತಪ್ಪಿಲ್ಲ. ಒಂದು ರಾತ್ರಿಯಲ್ಲಿ ಎರಡು ನಂಬರ್ ಕೊಟ್ಟವಳು ನಾನೇ. ಮತ್ತೆ ನೀಲಿ ಟ್ಯೂಬ್ ತರಿಸಿದೆ. 1,55,000. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಟೆಸ್ಟುಗಳಾದ ಪಿಟಿ ಮಾಡಿದೆ, ಎಪಿಟಿಟಿ ಮಾಡಿದೆ, ಎರಡೂ ನಾರ್ಮಲ್. ಎಲ್ಲಾ ಸರಿ ಇದೆ, ಆದರೂ ಜಿನುಗುತ್ತಿದೆ. ನಮ್ಮ ಪೆಥಾಲಜಿಸ್ಟ್ ಮೇಡಂ ಬಂದಾಗ ಮೂರೂ ರಿಪೋರ್ಟ್ ಮುಂದಿಟ್ಟೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಮ್ಯಾಗ್‌ಸಲ್ಫ್ ನಡೀತಿದೆಯಾ?" ಮ್ಯಾಗ್ನೀಸಿಯಂ ಸಲ್ಫೇಟನ್ನು ನಾವು ಹಾಗೆ ಕರೆಯೋದು.

ಆಮೇಲೆ ಟೀ ಹೊತ್ತಿನಲ್ಲಿ ಕೂರಿಸಿಕೊಂಡು ಹೇಳಿದರು. ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಗಾಯವಾದಾಗ ಪ್ಲೇಟ್‌ಲೆಟ್ ಎದ್ದು ಕೆಲಸಕ್ಕೆ ನಿಲ್ಲಬೇಕೆಂದರೆ ಅದರ ಒಳಗೆ ಕ್ಯಾಲ್ಸಿಯಂ ಏರಬೇಕು. ಕ್ಯಾಲ್ಸಿಯಂ ಏರಿದರೆ ಅದು ಚಪ್ಪಟೆ ತಟ್ಟೆಯ ಆಕಾರ ಬಿಟ್ಟು ಮುಳ್ಳುಮುಳ್ಳಾಗುತ್ತದೆ, ಒಳಗಿನ ಚೀಲಗಳಲ್ಲಿರುವ ಎಡಿಪಿ ಥರದ ವಸ್ತು ಹೊರಗೆ ಬಿಟ್ಟು, ಥ್ರಾಂಬಾಕ್ಸೇನ್ ಅನ್ನುವುದನ್ನು ಆಗಲೇ ತಯಾರಿಸಿ ಅಕ್ಕಪಕ್ಕದವನ್ನೂ ಎಬ್ಬಿಸುತ್ತದೆ, ಆ 2ಬಿ/3ಎ ಕೊಂಡಿ ತೆರೆಯುತ್ತದೆ, ಫೈಬ್ರಿನೋಜೆನ್ ಅನ್ನುವ ಹಗ್ಗ ಒಂದು ಪ್ಲೇಟ್‌ಲೆಟ್‌ನಿಂದ ಇನ್ನೊಂದಕ್ಕೆ ಕಟ್ಟಿಕೊಳ್ಳುತ್ತದೆ. ಮ್ಯಾಗ್ನೀಸಿಯಮ್ಮಿಗೂ ಕ್ಯಾಲ್ಸಿಯಮ್ಮಿನ ಹಾಗೆ ಎರಡು ಧನ ವಿದ್ಯುದಂಶ. ಹಾಗಾಗಿ ಕ್ಯಾಲ್ಸಿಯಂ ಕೂರುವ ಜಾಗದಲ್ಲಿ ಇದು ಬಂದು ಕೂರುತ್ತದೆ, ಆದರೆ ಅದರ ಕೆಲಸ ಮಾಡಲ್ಲ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಕ್ಯಾಲ್ಸಿಯಂ ಒಳಗೆ ಬರುವ ದಾರಿ ಕಿರಿದಾಗುತ್ತದೆ, ಥ್ರಾಂಬಾಕ್ಸೇನ್ ಕಡಿಮೆ ಬರುತ್ತದೆ, ಹಗ್ಗ ಕಟ್ಟುವುದು ಸಡಿಲವಾಗುತ್ತದೆ. ರಕ್ತನಾಳದ ಒಳಗೋಡೆಯಿಂದ ಪ್ಲೇಟ್‌ಲೆಟ್ ಅನ್ನು ತಣ್ಣಗಿಡುವ ಪ್ರೊಸ್ಟಾಸೈಕ್ಲಿನ್ ಬೇರೆ ಜಾಸ್ತಿ ಬರುತ್ತದೆ.

ಎಣಿಸಿದರೆ ಮಾತ್ರ ಅಷ್ಟೇ ಇರುತ್ತವೆ. ಒಂದೂ ಕಡಿಮೆಯಾಗಿರಲ್ಲ. ಹಾಜರಾತಿ ಪುಸ್ತಕದಲ್ಲಿ ಎಲ್ಲರೂ ಹಾಜರ್, ಕೆಲಸ ಮಾತ್ರ ನಿಧಾನ. ಮತ್ತೆ ಪಿಟಿ, ಎಪಿಟಿಟಿಯಲ್ಲಿ ಯಾಕೆ ಗೊತ್ತಾಗಲಿಲ್ಲ ಅಂದೆ. ಮೇಡಂ ನಕ್ಕು, ನೀನು ಆ ಟೆಸ್ಟ್ ಮಾಡುವಾಗ ಟ್ಯೂಬಿಗೆ ಏನು ಹಾಕ್ತೀಯ ಅಂತ ಕೇಳಿದರು. ಕ್ಯಾಲ್ಸಿಯಂ! ಸಿಟ್ರೇಟ್ ಹಿಡಿದಿಟ್ಟ ಕ್ಯಾಲ್ಸಿಯಮ್ಮಿನ ಬದಲಿಗೆ ನಾವೇ ಧಾರಾಳವಾಗಿ ಕ್ಯಾಲ್ಸಿಯಂ ಸುರಿಯುತ್ತೇವೆ, ಮ್ಯಾಗ್ನೀಸಿಯಂ ಹಿಡಿದ ಸೀಟಿನ ಸುದ್ದಿ ಅಲ್ಲಿ ಬರೋದೇ ಇಲ್ಲ. ಜೊತೆಗೆ ಆ ಟೆಸ್ಟುಗಳಲ್ಲಿ ಪ್ಲೇಟ್‌ಲೆಟ್ ಇರುವುದೂ ಇಲ್ಲ, ರಕ್ತ ತಿರುಗಿಸಿ ಮೇಲಿನ ಪ್ಲಾಸ್ಮಾ ಮಾತ್ರ ತಗೋತೀವಿ. ಹನ್ನೆರಡು ವರ್ಷ ದಿನಾ ಮಾಡಿದ ಕೆಲಸ, ನನಗೆ ಈ ಪ್ರಶ್ನೆ ಬಂದೇ ಇರಲಿಲ್ಲ.

ಇದನ್ನು ಓದಿ ಯಾರೂ ಹೆದರಬೇಡಿ, ಅದನ್ನೂ ಹೇಳಿಬಿಡುತ್ತೇನೆ. ಆ ಡೋಸಿನಲ್ಲಿ ಪ್ಲೇಟ್‌ಲೆಟ್ ಮೇಲಿನ ಪರಿಣಾಮ ಸಣ್ಣದು. ಮ್ಯಾಗ್ನೀಸಿಯಂ ಗರ್ಭಕೋಶದ ಸ್ನಾಯುವನ್ನೂ ಸಡಿಲ ಮಾಡುತ್ತದೆ, ಹಾಗಾಗಿ ಹೆರಿಗೆ ಆದ ಮೇಲೆ ಹೊಟ್ಟೆ ಗಟ್ಟಿಯಾಗಿದೆಯಾ ಅಂತ ಸಿಸ್ಟರು ಮತ್ತೆ ಮತ್ತೆ ಒತ್ತಿ ನೋಡುತ್ತಾರೆ. ಫಿಟ್ಸ್ ಬಂದರೆ ತಾಯಿ, ಮಗು ಇಬ್ಬರೂ ಹೋಗಬಹುದು. ಸ್ವಲ್ಪ ಜಿನುಗುತ್ತೆ ಅಂತ ಯಾರೂ ಮ್ಯಾಗ್‌ಸಲ್ಫ್ ನಿಲ್ಲಿಸಲ್ಲ, ನಿಲ್ಲಿಸಲೂಬಾರದು. ಈ ಹೆಣ್ಣುಮಗಳಿಗೂ ನಿಲ್ಲಿಸಲಿಲ್ಲ. ಗಾಯದ ಮೇಲೆ ಒತ್ತುಪಟ್ಟಿ ಕಟ್ಟಿದರು, ಕಣ್ಣಿಟ್ಟು ಕಾದರು, ಸಂಜೆಗೆ ನಿಂತಿತು. ಜಿನುಗಿದ್ದು ಮ್ಯಾಗ್ನೀಸಿಯಮ್ಮಿನಿಂದಲೇ ಅಂತ ನಾನು ಆಣೆ ಇಟ್ಟು ಹೇಳುತ್ತಿಲ್ಲ. ಆದರೆ ಮೇಡಂ ಆ ಪ್ರಶ್ನೆ ಕೇಳದೇ ಇದ್ದಿದ್ದರೆ, ನಾರ್ಮಲ್ ರಿಪೋರ್ಟು ಇಟ್ಟುಕೊಂಡು ಲ್ಯಾಬಿನವರು ಒಂದು ಕಡೆ, ವಾರ್ಡಿನವರು ಒಂದು ಕಡೆ ಜಗಳ ಆಡುತ್ತಿದ್ದೆವು.

ಇನ್ನೂ ಒಂದು ಮಾತು ಮೇಡಂ ಹೇಳಿದ್ದು ತಲೆಯಲ್ಲಿ ಉಳಿದಿದೆ. ಮ್ಯಾಗ್ನೀಸಿಯಂ ಬರೀ ಅಡ್ಡಗಾಲು ಹಾಕುವ ವಸ್ತು ಅಂದುಕೊಳ್ಳಬೇಡ ಅಂದರು. ಗಾಯವಾದ ಜಾಗದಲ್ಲಿ ಕಾಣುವ ಕೊಲಾಜೆನ್ ಅನ್ನುವ ನಾರಿಗೆ ಪ್ಲೇಟ್‌ಲೆಟ್ ಮೊದಲು ಅಂಟಿಕೊಳ್ಳಲು ಬಳಸುವ ಒಂದು ಕೊಂಡಿಗೆ ಮ್ಯಾಗ್ನೀಸಿಯಂ ಬೇಕು, ಹೆಪ್ಪುಗಟ್ಟಿಸುವ ಒಂಬತ್ತನೇ ಅಂಶವೂ ಅದಿದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಇರಬೇಕಾದಷ್ಟು ಇದ್ದರೆ ನೆರವು, ಬಹಳವಾದರೆ ತಡೆ.

ಈ ಕಥೆಯನ್ನು ನಮ್ಮ ಲ್ಯಾಬಿನಿಂದ ರಿಟೈರ್ ಆದ ಹಿರಿಯ ಟೆಕ್ನೀಷಿಯನ್ ಒಬ್ಬರಿಗೆ ಹೇಳಿದೆ. ನನಗೆ ಕೆಲಸ ಕಲಿಸಿದವರು, ನಾವೆಲ್ಲಾ ಸರ್ ಅಂತೀವಿ. ತಿಂಗಳಿಗೊಮ್ಮೆ ಶುಗರ್ ಟೆಸ್ಟಿಗೆ ಬರುತ್ತಾರೆ. ಕೇಳಿ ಅವರು ಅಂದರು, "ಅಲ್ಲಮ್ಮ, ಪ್ಲೇಟ್‌ಲೆಟ್ ಗುಂಪಾಗದ ಹಾಗೆ ಮಾಡೋಕೆ ನಾವು ಮೊದಲು ಬಳಸ್ತಿದ್ದಿದ್ದೇ ಮ್ಯಾಗ್‌ಸಲ್ಫು. ಫೋನಿಯೋ ವಿಧಾನ ಅಂತ ನೀವು ಓದಲೇ ಇಲ್ವಾ?" ಪರೀಕ್ಷೆಗೆ ಓದಿದ್ದೆ, ಮರೆತಿದ್ದೆ. ಕಣ್ಣಿಂದ ನೋಡಿರಲಿಲ್ಲ.

ನೋಡುವ ಕಾಲ ಎರಡು ತಿಂಗಳಲ್ಲಿ ಬಂತು. ಜಗಳೂರು ತಾಲ್ಲೂಕಿನ ಒಬ್ಬ ರೈತರು, ಐವತ್ತರ ಹತ್ತಿರ ವಯಸ್ಸು. ಹಲ್ಲು ಕೀಳಿಸಲು ಹೋದಾಗ ರಕ್ತ ಪರೀಕ್ಷೆ ಮಾಡಿಸಿ, ಪ್ಲೇಟ್‌ಲೆಟ್ 30 ಸಾವಿರ ಅಂತ ಬಂದು, ಬೇರೆ ಕಡೆ ಆರು ತಿಂಗಳು ಸ್ಟೀರಾಯ್ಡ್ ಮಾತ್ರೆ ನುಂಗಿದ್ದರು. ಮುಖ ಊದಿತ್ತು, ಇಲ್ಲದಿದ್ದ ಶುಗರ್ ಬಂದಿತ್ತು, ಪ್ಲೇಟ್‌ಲೆಟ್ ಮಾತ್ರ ಏರಿರಲಿಲ್ಲ. ಮೈಮೇಲೆ ಒಂದು ಕೆಂಪು ಚುಕ್ಕೆ ಇಲ್ಲ, ಒಸಡಲ್ಲಿ ರಕ್ತ ಇಲ್ಲ. ನೇರಳೆ ಟ್ಯೂಬಿನಲ್ಲಿ ನೋಡಿದೆ, ಗುಂಪು. ನೀಲಿ ಟ್ಯೂಬಿನಲ್ಲಿ ನೋಡಿದೆ, ಅಲ್ಲೂ ಗುಂಪು. ಕೆಲವರಿಗೆ ಸಿಟ್ರೇಟಿನಲ್ಲೂ ಹೀಗಾಗುತ್ತದೆ, ಅದೂ ಕ್ಯಾಲ್ಸಿಯಂ ಕಿತ್ತುಕೊಂಡೇ ಕೆಲಸ ಮಾಡುವುದಲ್ವಾ. ಸರ್‌ಗೆ ಫೋನ್ ಮಾಡಿದೆ. ಅರ್ಧ ಗಂಟೆಯಲ್ಲಿ ಸ್ಕೂಟರ್ ಹತ್ತಿ ಬಂದರು.

ನೂರು ಮಿ.ಲೀ.ಗೆ 14 ಗ್ರಾಂ ಲೆಕ್ಕದಲ್ಲಿ ಮ್ಯಾಗ್ನೀಸಿಯಂ ಸಲ್ಫೇಟ್ ದ್ರವ ಮಾಡಿಸಿದರು. ರೈತರ ಉಂಗುರ ಬೆರಳನ್ನು ಸ್ಪಿರಿಟ್ಟಿನಿಂದ ಒರೆಸಿ, ಪೂರ್ತಿ ಒಣಗುವ ತನಕ ಕಾದರು. ಬೆರಳ ತುದಿಯ ಮೇಲೆ ಆ ದ್ರವದ ಒಂದು ಹನಿ ಇಟ್ಟರು, ಮಣಿಯ ಹಾಗೆ ನಿಂತಿತು. ಆ ಹನಿಯ ಮೂಲಕವೇ ಸೂಜಿ ಚುಚ್ಚಿದರು. ರಕ್ತ ಹೊರಗಿನ ಗಾಳಿ ಕಾಣುವ ಮೊದಲೇ ಮ್ಯಾಗ್ನೀಸಿಯಂ ಒಳಗೆ ಬಂತು, ಹೊಗೆ ಸುರುಳಿಯ ಹಾಗೆ ಕೆಂಪು ಹರಡಿತು. ಗಾಜಿನ ಅಂಚಿನಿಂದ ಮೆಲ್ಲಗೆ ಕಲಸಿ ಸ್ಲೈಡ್ ಎಳೆದರು. ಎಂಥಾ ಕೈ! ಎಪ್ಪತ್ತರ ಹತ್ತಿರ ವಯಸ್ಸು, ಬೆರಳು ಒಂಚೂರೂ ನಡುಗಲಿಲ್ಲ.

ಬಣ್ಣ ಹಾಕಿ ನೋಡಿದರೆ ಪ್ಲೇಟ್‌ಲೆಟ್ ಎಲ್ಲಾ ಬಿಡಿಬಿಡಿ, ರಾಗಿ ಚೆಲ್ಲಿದ ಹಾಗೆ. ಇಬ್ಬರೂ ಕೂತು ಸಾವಿರ ಕೆಂಪು ಕಣ ಎಣಿಸಿದೆವು, ಅದರ ನಡುವೆ ಪ್ಲೇಟ್‌ಲೆಟ್ 44 ಸಿಕ್ಕವು. ಅವರ ಕೆಂಪು ಕಣ 46 ಲಕ್ಷ. ಗುಣಿಸಿದರೆ 2,02,400. ಮೇಡಂ ಸ್ಲೈಡ್ ನೋಡಿ ರಿಪೋರ್ಟಿಗೆ ಸಹಿ ಹಾಕಿದರು. ಸ್ಟೀರಾಯ್ಡ್ ಅನ್ನು ಒಮ್ಮೆಲೇ ನಿಲ್ಲಿಸಬಾರದು, ಡಾಕ್ಟ್ರು ನಿಧಾನವಾಗಿ ಇಳಿಸಿ ಬಿಡಿಸಿದರು. ಆ ರೈತರು ಕೇಳಿದ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. "ಹಂಗಾರೆ ನಂಗೆ ಏನೂ ಆಗೇ ಇರ್ಲಿಲ್ಲೇನಮ್ಮ?"

ಈ ಕಥೆ ನನ್ನನ್ನು ಬಿಡದಿರುವುದು ಇಲ್ಲೇ. ಅಲ್ಲಿ ಬಾಣಂತಿಯ ಮೈಯಲ್ಲಿ ಪ್ಲೇಟ್‌ಲೆಟ್ ಅನ್ನು ಮಂದ ಮಾಡುತ್ತಿದ್ದ ಉಪ್ಪು, ಇಲ್ಲಿ ಬೆರಳ ತುದಿಯಲ್ಲಿ ಅದೇ ಗುಣದಿಂದ ಸತ್ಯ ಹೇಳಿಸಿತು. ಕ್ಯಾಲ್ಸಿಯಂ ಅನ್ನು ಕಿತ್ತುಕೊಳ್ಳದೆ ಅದರ ಸೀಟಿನಲ್ಲಿ ಕೂತು ತಡೆಯುವುದರಿಂದ ಆ ಕೊಂಡಿ ಬಿಚ್ಚಿಕೊಳ್ಳಲ್ಲ, ಪ್ರತಿಕಾಯಕ್ಕೆ ಅಂಟಲು ಜಾಗ ಸಿಗಲ್ಲ, ಪ್ಲೇಟ್‌ಲೆಟ್ ಗುಂಪೂ ಆಗಲ್ಲ. ಈಗ ಮ್ಯಾಗ್ನೀಸಿಯಂ ಹಾಕಿದ ಟ್ಯೂಬುಗಳೇ ವಿದೇಶದಲ್ಲಿ ಸಿಗುತ್ತವೆ, ಪ್ಲೇಟ್‌ಲೆಟ್ ಎಣಿಸುವುದಕ್ಕೆ ಮಾತ್ರ.

ನಮ್ಮ ಲ್ಯಾಬಿನಲ್ಲಿ ಆಮೇಲೆ ಏನು ಬದಲಾಯಿತು ಅಂದರೆ, ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕಡಿಮೆ ಬಂದರೆ ಸ್ಲೈಡಿನ ಬಾಲ ನೋಡದೆ ಯಾರೂ ಫೋನ್ ಎತ್ತುವ ಹಾಗಿಲ್ಲ. ಟ್ಯೂಬಿನಲ್ಲಿ ಕಡ್ಡಿ ಆಡಿಸಿ ಹೆಪ್ಪು ಇದೆಯಾ ನೋಡಬೇಕು, ಯಾಕೆಂದರೆ ರಕ್ತ ತೆಗೆದ ಮೇಲೆ ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲಗೆ ತಿರುವಿ ಹಾಕದೇ ಹೋದರೂ ಸಣ್ಣ ಹೆಪ್ಪು ಕಟ್ಟಿ ಸುಳ್ಳು ನಂಬರ್ ಬರುತ್ತದೆ. ರಿಕ್ವೆಸ್ಟ್ ಫಾರಮ್ಮಿನಲ್ಲಿ ಮ್ಯಾಗ್‌ಸಲ್ಫ್, ಇಲ್ಲಾ ರಕ್ತ ತೆಳು ಮಾಡುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಹೆಪಾರಿನ್ ನಡೀತಿದೆಯಾ ಅಂತ ಒಂದು ಸಾಲು ಸೇರಿಸಿದೆವು. ಡೆಂಗ್ಯೂ ಕಾಲದಲ್ಲಿ ಈ ನಿಯಮ ಪಾಲಿಸುವುದು ಕಷ್ಟ, ಕಿಟಕಿ ಹತ್ತಿರ ಐವತ್ತು ಜನ "ಕೌಂಟ್ ಬಂತಾ" ಅಂತ ನಿಂತಿರುತ್ತಾರೆ. ಆದರೂ ನೋಡಲೇಬೇಕು. ಡೆಂಗ್ಯೂನಲ್ಲಿ ಇಳಿಯುವುದು ನಿಜವಾದ ಇಳಿಕೆಯೇ ಜಾಸ್ತಿ, ಎಲ್ಲವೂ ಟ್ಯೂಬಿನ ಆಟ ಅಂತ ದಯವಿಟ್ಟು ತಿಳಿಯಬೇಡಿ.

ಟ್ಯೂಬಿನ ಇನ್ನೊಂದು ಮೋಸ ಹೊಸಬರಿಗೆ ಗೊತ್ತಿರಲಿ. ಇಡಿಟಿಎ ಕ್ಯಾಲ್ಸಿಯಂ ಜೊತೆಗೆ ಮ್ಯಾಗ್ನೀಸಿಯಂ ಅನ್ನೂ ಹಿಡಿಯುತ್ತದೆ. ಒಂದು ಸಲ ಪೊಟ್ಯಾಸಿಯಂ, ಕ್ಯಾಲ್ಸಿಯಂ ನೋಡುವ ಕೆಂಪು ಟ್ಯೂಬಿನಲ್ಲಿ ರಕ್ತ ಸಾಲಲಿಲ್ಲ ಅಂತ ಟ್ರೈನಿಂಗಿಗೆ ಬಂದ ಹುಡುಗ ನೇರಳೆ ಟ್ಯೂಬಿನದನ್ನು ಅದಕ್ಕೆ ಸುರಿದ. ಪೊಟ್ಯಾಸಿಯಂ 12ರ ಮೇಲೆ, ಕ್ಯಾಲ್ಸಿಯಂ 3ರ ಕೆಳಗೆ, ಮ್ಯಾಗ್ನೀಸಿಯಮ್ಮೂ ಪಾತಾಳಕ್ಕೆ. ಆ ನಂಬರಿಗೆ ಮನುಷ್ಯ ಬದುಕಿರಲ್ಲ. ವಾರ್ಡಿಗೆ ಓಡಿದರೆ ಪೇಷಂಟು ಮಂಚದ ಮೇಲೆ ಕೂತು ಬೆಣ್ಣೆ ದೋಸೆ ತಿನ್ನುತ್ತಿದ್ದರು. ಟ್ಯೂಬಿನ ಒಳಗಿರುವ ಪುಡಿಯೇ ಪೊಟ್ಯಾಸಿಯಂ ಇಡಿಟಿಎ, ಅದು ಪೊಟ್ಯಾಸಿಯಂ ಕೊಟ್ಟು ಕ್ಯಾಲ್ಸಿಯಂ ಕಿತ್ತುಕೊಂಡಿತ್ತು. ಅದಕ್ಕೇ ರಕ್ತ ತೆಗೆಯುವಾಗ ಮೊದಲು ನೀಲಿ, ಆಮೇಲೆ ಕೆಂಪು, ಆಮೇಲೆ ನೇರಳೆ. ಮ್ಯಾಗ್‌ಸಲ್ಫ್ ಹೋಗುತ್ತಿರುವ ಕೈಯಿಂದ ಸ್ಯಾಂಪಲ್ ತೆಗೆಯಲೇಬೇಡಿ.

ಈ ನಡುವೆ ಮ್ಯಾಗ್ನೀಸಿಯಂ ಮಾತ್ರೆ ನುಂಗುವವರು ಜಾಸ್ತಿಯಾಗಿದ್ದಾರೆ. ನಿದ್ದೆಗೆ, ಮೀನಖಂಡ ಸೆಳೆತಕ್ಕೆ, ಮೊಬೈಲಿನಲ್ಲಿ ಯಾರೋ ಹೇಳಿದರು ಅಂತ. ಸ್ಟೆಂಟ್ ಹಾಕಿಸಿಕೊಂಡ ನಮ್ಮ ದೊಡ್ಡಪ್ಪನೂ ಕೇಳಿದರು, ಇದು ರಕ್ತ ತೆಳು ಮಾಡುತ್ತಂತೆ, ಆ ಮಾತ್ರೆ ಬಿಟ್ಟು ಇದನ್ನೇ ತಗೊಳ್ಳಲಾ ಅಂತ. ಬೇಡ ದೊಡ್ಡಪ್ಪ, ಖಂಡಿತ ಬೇಡ ಅಂದೆ. ಹೃದಯಾಘಾತಕ್ಕೆ ಮ್ಯಾಗ್ನೀಸಿಯಂ ಕೊಟ್ಟು ನೋಡಿದ್ದಾರೆ. 1992ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 2,316 ಜನರ ಮೇಲೆ ಮಾಡಿದ ಅಧ್ಯಯನದಲ್ಲಿ ಸಾವು ಕಡಿಮೆಯಾಯಿತು ಅಂತ ಬಂದಾಗ ಎಲ್ಲರಿಗೂ ಭಾರೀ ಆಸೆ. 1995ರಲ್ಲಿ 58 ಸಾವಿರ ಜನರ ಮೇಲೆ ಐಸಿಸ್-4 ಅಂತ ದೊಡ್ಡದಾಗಿ ನೋಡಿದರೆ ಏನೂ ಲಾಭವಿಲ್ಲ. 2002ರಲ್ಲಿ ಇನ್ನೊಂದರಲ್ಲೂ ಅದೇ. ಟ್ಯೂಬಿನಲ್ಲಿ ಪ್ಲೇಟ್‌ಲೆಟ್ ಅಂಟುವುದು ಕಡಿಮೆಯಾಯಿತು ಅಂದ ಮಾತ್ರಕ್ಕೆ ಮನುಷ್ಯ ಬದುಕುತ್ತಾನೆ ಅಂತಲ್ಲ. ಕಿಡ್ನಿ ಚೆನ್ನಾಗಿದ್ದರೆ ಹೆಚ್ಚಾದ ಮ್ಯಾಗ್ನೀಸಿಯಂ ಮೂತ್ರದಲ್ಲಿ ಹೋಗುತ್ತದೆ. ಕಿಡ್ನಿ ಕೆಟ್ಟವರಿಗೆ ಹೋಗಲ್ಲ, ಕೂಡಿಕೊಳ್ಳುತ್ತದೆ. ಅಂಥವರಿಗೆ ಮಲಬದ್ಧತೆಗೆ ಕುಡಿಯುವ ಮಿಲ್ಕ್ ಆಫ್ ಮ್ಯಾಗ್ನೀಷಿಯಾ ಕೂಡ ಅಪಾಯ, ಡಾಕ್ಟ್ರನ್ನು ಕೇಳದೆ ಮುಟ್ಟಬಾರದು. ಉಳಿದವರಿಗೆ ಶೇಂಗಾ, ರಾಗಿ, ಕಾಳು, ಸೊಪ್ಪಿನಲ್ಲಿ ಬೇಕಾದಷ್ಟಿದೆ.

ಆ ಚನ್ನಗಿರಿಯ ಹೆಣ್ಣುಮಗಳು ಎಂಟನೇ ದಿನ ಡಿಸ್ಚಾರ್ಜ್ ಆದಳು. ಮೇಡಂ ಹೇಳಿದ ಹಾಗೆ ಒಂದು ಗಟ್ಟಿ ಕಾರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: ಇವರ ರಕ್ತ ನೇರಳೆ ಟ್ಯೂಬಿನಲ್ಲಿ ಗುಂಪಾಗುತ್ತದೆ, ಪ್ಲೇಟ್‌ಲೆಟ್ ಅನ್ನು ನೀಲಿ ಟ್ಯೂಬಿನಲ್ಲಿ ನೋಡಿ, ಸ್ಲೈಡ್ ನೋಡಿ. ಸಹಿ, ಸೀಲು. ಗಂಡ ಲ್ಯಾಬಿನ ಕಿಟಕಿಗೆ ಬಂದ, ಹಿಂದೆ ಅವಳು ಮಗುವನ್ನು ಎತ್ತಿಕೊಂಡು ನಿಂತಿದ್ದಳು, ಅತ್ತೆ ತಲೆಗೆ ಸ್ಕಾರ್ಫ್ ಬಿಗಿಯುತ್ತಿದ್ದರು. ಅಂದು ರಾತ್ರಿ ನಾನು ಸ್ಲೈಡ್ ನೋಡದೇ ಫೋನ್ ಮಾಡಿದ್ದರಿಂದ ನೀವು ಅಷ್ಟು ಓಡಾಡಬೇಕಾಯ್ತು ಅಂತ ನಾನೇ ಬಾಯಿಬಿಟ್ಟು ಹೇಳಿದೆ. ಅವನು ಕಾರ್ಡನ್ನು ಎರಡು ಸಲ ಓದಿ, ಅಡಿಕೆ ಮಂಡಿಯ ಚೀಟಿಗಳ ಜೊತೆ ಪರ್ಸಿಗೆ ಸೇರಿಸಿದ.

"ಮುಂದಿನ ಹೆರಿಗೆಗೆ ಇದನ್ನ ತೋರ್ಸಿದ್ರೆ ಸಾಕೇನ್ರೀ ಮೇಡಂ?"

"ಹೆರಿಗೆಗೇ ಅಂತಲ್ಲಪ್ಪ, ಜ್ವರ ಬಂದು ರಕ್ತ ಕೊಟ್ಟರೂ ತೋರ್ಸು. ಕೇಳಲಿ ಬಿಡಲಿ, ಮೊದಲು ತೋರ್ಸು."